ನಮ್ಮ ಓಲೆಯನ್ನು ಓದುವವರು ಯಾರು?

ವಿಜಯವಾಡದಿಂದ ನಮಗೊಂದು ಪತ್ರ ಬಂದಿದೆ. ಬರೆದವರು ನಮ್ಮ ಸಂಘದ ಹಳೆಯ ಸದಸ್ಯರು. ಈ ಮಹಾನಗರದ ಹೋಟೆಲುಗಳಲ್ಲಿ ಹಲವು ವರ್ಷ ದುಡಿದು, ರಾತ್ರಿ ನಮ್ಮ ವಾಚನಾಲಯದ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದಿದವರು. ಈಗ ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದಾರೆ. ಹೆಸರನ್ನು ಅಚ್ಚು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ.

ಅವರೂ ಇನ್ನೂ ಏಳು ಮಂದಿ ಕನ್ನಡ ಕಾರ್ಮಿಕರೂ ಒಂದೇ ಖೋಲಿಯಲ್ಲಿ ವಾಸವಾಗಿದ್ದಾರೆ. ಖೋಲಿಗೊಂದು ಇಂಟರ್ನೆಟ್ ಸಂಪರ್ಕ. ಅದು ಇವರ ಹೆಸರಿನಲ್ಲಿದೆ, ಏಕೆಂದರೆ ಎಂಟು ಮಂದಿಯಲ್ಲಿ ವಿಜಯವಾಡದ ವಿಳಾಸವುಳ್ಳ ಆಧಾರ್ ಕಾರ್ಡು ಇರುವುದು ಇವರೊಬ್ಬರಿಗೇ. ವಿಶಾಖಪಟ್ಟಣದ ಹೋಟೆಲುಗಳಲ್ಲಿರುವ ನಮ್ಮವರನ್ನೂ ಸೇರಿಸಿಕೊಂಡು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಯಾವ ಹೋಟೆಲಿನಲ್ಲಿ ಪಗಾರ ಎಷ್ಟು, ವಾರದ ರಜೆ ಸಿಗುತ್ತದೆಯೋ ಇಲ್ಲವೋ, ಹಬ್ಬಕ್ಕೆ ಊರಿಗೆ ಹೋಗುವವರು ಯಾರು ಎಂಬಂಥ ಮಾತುಕತೆ. ಕೆಲಸದ ಹೊತ್ತಿನ ವಿಷಯದಲ್ಲಿ ಕಾರ್ಮಿಕ ಇಲಾಖೆಗೆ ಒಂದು ಇ-ಮೇಲ್ ಬರೆಯಬೇಕೆಂದು ನಿಶ್ಚಯಿಸಿ, ಅದನ್ನು ಬರೆದೂ ಇಟ್ಟಿದ್ದರು. ಅಷ್ಟರಲ್ಲಿ ಯಾರೋ ಬಂದು, “ಇಂಟರ್ನೆಟ್ ಕಂಪನಿಯವರು ಎಲ್ಲವನ್ನೂ ಎರಡು ವರ್ಷ ತೆಗೆದಿಡುತ್ತಾರೆ, ಸರಕಾರ ಎಲ್ಲವನ್ನೂ ಓದುತ್ತದೆ, ನಾಳೆ ಏನಾದರೂ ಆದರೆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವನನ್ನೇ ಮೊದಲು ಹಿಡಿಯುವುದು” ಎಂದು ಹೇಳಿ ಹೋದರಂತೆ. ಇ-ಮೇಲ್ ಹೋಗಲಿಲ್ಲ. ಗುಂಪಿನಲ್ಲಿ ಈಗ ಬರುವುದು ದೇವರ ಪಟಗಳೂ ಬೆಳಗಿನ ನಮಸ್ಕಾರವೂ ಮಾತ್ರ. “ಇದು ನಿಜವೇ? ನಾವು ಕಳುಹಿಸಬೇಕೋ ಬೇಡವೋ? ತಿಳಿದವರು ಹೇಳಬೇಕು” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಅವರೊಬ್ಬರದಲ್ಲ. ಕೈಯಲ್ಲಿ ಮೊಬೈಲು ಇರುವ ಪ್ರತಿಯೊಬ್ಬ ಕಾರ್ಮಿಕನದೂ ಹೌದು. ಆದುದರಿಂದ ಖಾಸಗಿಯಾಗಿ ಉತ್ತರ ಬರೆಯುವ ಬದಲು ಇಲ್ಲಿಯೇ ಬರೆಯುತ್ತಿದ್ದೇವೆ.

ಮೊದಲು ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ಬೇರ್ಪಡಿಸಬೇಕು. ಲಾಡ್ಜಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ತಿಳಿಸುವುದು ಸುಲಭ. ಲಾಡ್ಜಿನ ಮೇಜಿನ ಮೇಲೆ ಒಂದು ರಿಜಿಸ್ಟರು ಇರುತ್ತದೆ. ಬಂದವರ ಹೆಸರು, ವಿಳಾಸ, ಕೋಣೆಯ ನಂಬರು, ಬಂದ ಹೊತ್ತು, ಹೋದ ಹೊತ್ತು ಇಷ್ಟನ್ನೂ ಅದರಲ್ಲಿ ಬರೆಯುತ್ತಾರೆ. ಕೋಣೆಯ ಒಳಗೆ ಏನು ಮಾತಾಡಿದರೆಂಬುದು ಅದರಲ್ಲಿಲ್ಲ. ಇಂಟರ್ನೆಟ್ ಕಂಪನಿ ತೆಗೆದಿಡುವುದು ಇಂಥ ರಿಜಿಸ್ಟರನ್ನೇ. ಯಾವ ಗಿರಾಕಿಯ ಸಂಪರ್ಕ, ಯಾವ ದಿನ ಎಷ್ಟು ಗಂಟೆಗೆ, ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋಯಿತು, ಎಷ್ಟು ಹೊತ್ತು ಇತ್ತು ಎಂಬ ಲೆಕ್ಕ. ಮೊದಲು ಇದನ್ನು ಒಂದು ವರ್ಷ ಇಟ್ಟುಕೊಳ್ಳಬೇಕಾಗಿತ್ತು. 2021ರ ಡಿಸೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಲೈಸೆನ್ಸಿನ ಶರತ್ತನ್ನು ತಿದ್ದಿ ಕನಿಷ್ಠ ಎರಡು ವರ್ಷ ಎಂದು ಮಾಡಿತು. ಪತ್ರದಲ್ಲಿ ಹೇಳಿದ ಎರಡು ವರ್ಷದ ಮಾತು ಹೀಗೆ ನಿಜ.

ಅಲ್ಲಿಗೇ ನಿಲ್ಲಲಿಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ ಇನ್ನೊಂದು ನಿರ್ದೇಶ ಹೊರಡಿಸಿತು. ಕಂಪ್ಯೂಟರ್ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿವಸ ಇಡಬೇಕು; ಹೆಸರು ಮರೆಮಾಡಿ ಇಂಟರ್ನೆಟ್ ಬಳಸಲು ಅನುಕೂಲ ಮಾಡಿಕೊಡುವ ವಿ.ಪಿ.ಎನ್. ಕಂಪನಿಗಳು ತಮ್ಮ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಗಿರಾಕಿ ಬಿಟ್ಟುಹೋದ ಮೇಲೂ ಐದು ವರ್ಷ ಕಾದಿಡಬೇಕು. ಗುಟ್ಟನ್ನು ಕಾಯುವುದೇ ಕಸುಬಾದವನಿಗೆ ಗುಟ್ಟಿನ ಪಟ್ಟಿ ಬರೆದಿಡಲು ಹೇಳಿದ ಹಾಗಾಯಿತು! ಆ ವರ್ಷವೇ ಕೆಲವು ವಿದೇಶೀ ಕಂಪನಿಗಳು ತಮ್ಮ ಯಂತ್ರಗಳನ್ನು ಭಾರತದಿಂದ ತೆಗೆದುಬಿಟ್ಟವು. ಸೈಬರ್ ಕೆಫೆಗಳಲ್ಲಿ ಗುರುತಿನ ಚೀಟಿ ತೋರಿಸಿ ಪುಸ್ತಕದಲ್ಲಿ ಹೆಸರು ಬರೆಯುವ ನಿಯಮ 2011ರದು. ಆ ಪುಸ್ತಕವನ್ನು ಒಂದು ವರ್ಷ ಇಡಬೇಕು. ಅದು ನಮ್ಮಲ್ಲಿ ಹಲವರಿಗೆ ನೆನಪಿದೆ.

ಇನ್ನು ಓಲೆಯ ಒಳಗಿನ ಮಾತು. ಎಲ್ಲ ಇ-ಮೇಲನ್ನೂ ಸರಕಾರ ಓದುತ್ತದೆ ಎಂಬುದು ತಪ್ಪು. ತಂತಿ ಎಳೆದ ಕಂಪನಿಯ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದು ಲಕೋಟೆಯ ಹೊರಮೈ ಮಾತ್ರ. ವಾಟ್ಸಾಪಿನ ಮಾತು ಬರೆದವನಿಗೂ ಓದುವವನಿಗೂ ಬಿಟ್ಟು ನಡುವಿನವರಿಗೆ ತಿಳಿಯದಂತೆ ಬೀಗ ಹಾಕಿಕೊಂಡೇ ಹೋಗುತ್ತದೆ. ಆದರೆ ಬೇಕೆಂದಾಗ ಬೇಕಾದವನ ಓಲೆಯನ್ನು ತರಿಸಿ ಓದುವ ಅಧಿಕಾರ ಸರಕಾರಕ್ಕಿದೆ. ಇ-ಮೇಲ್ ಇಟ್ಟುಕೊಂಡಿರುವ ಕಂಪನಿಗೇ ಆಜ್ಞೆ ಕಳುಹಿಸಿ ಕೇಳಬಹುದು. ಬೀಗ ಬಿಡಿಸಿ ಕೊಡೆಂದೂ ಕೇಳಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮು ಹೇಳುವುದು ಇದನ್ನೇ. ಅದರ ನಿಯಮಗಳು 2009ರಲ್ಲಿ ಬಂದವು. 2018ರ ಡಿಸೆಂಬರ್ 20ರಂದು ಗೃಹ ಮಂತ್ರಾಲಯವು ಹತ್ತು ಸಂಸ್ಥೆಗಳ ಹೆಸರು ಬರೆದು, ದೇಶದ ಯಾವ ಕಂಪ್ಯೂಟರಿನ ಮಾಹಿತಿಯನ್ನಾದರೂ ಇವು ಕಾಯಿದೆಯ ಪ್ರಕಾರ ತಡೆದು ನೋಡಬಹುದೆಂದು ಪ್ರಕಟಿಸಿತು.

ಈ ಹಂಬಲ ಹೊಸದಲ್ಲ. ತಂತಿಯನ್ನು ತಡೆಯುವ ಕಾಯಿದೆಯನ್ನು ಬ್ರಿಟಿಷರು 1885ರಲ್ಲಿ ಮಾಡಿದರು, ಅಂಚೆಯನ್ನು ತೆರೆಯುವ ಕಾಯಿದೆಯನ್ನು 1898ರಲ್ಲಿ. ಅವರು ಹೋದರು, ಕಾಯಿದೆಗಳು ಉಳಿದವು. 1986ರಲ್ಲಿ ಪಾರ್ಲಿಮೆಂಟು ಅಂಚೆಯನ್ನು ತೆರೆಯುವ ಅಧಿಕಾರವನ್ನು ಇನ್ನೂ ಹಿಗ್ಗಿಸುವ ಮಸೂದೆಯೊಂದನ್ನು ಒಪ್ಪಿ ಕಳುಹಿಸಿದಾಗ, ರಾಷ್ಟ್ರಪತಿ ಜೈಲ್ ಸಿಂಗರು ಅದಕ್ಕೆ ಸಹಿ ಹಾಕಲಿಲ್ಲ. ಅದು ಕೊನೆಗೂ ಕಾಯಿದೆಯಾಗಲಿಲ್ಲ. ಆದರೆ 2023ರ ಡಿಸೆಂಬರಿನಲ್ಲಿ ಹೊಸ ಅಂಚೆ ಕಾಯಿದೆಯೂ ಹೊಸ ದೂರಸಂಪರ್ಕ ಕಾಯಿದೆಯೂ ಪಾರ್ಲಿಮೆಂಟಿನಲ್ಲಿ ಒಪ್ಪಿಗೆ ಪಡೆದವು. ಎರಡನೆಯದು ಪಾಸಾದ ದಿನ ವಿರೋಧ ಪಕ್ಷಗಳ ನೂರಕ್ಕೂ ಹೆಚ್ಚು ಸದಸ್ಯರು ಅಮಾನತಾಗಿ ಸಭೆಯ ಹೊರಗಿದ್ದರು. ಓಲೆ ತೆರೆಯುವ ಅಧಿಕಾರ ಎರಡರಲ್ಲಿಯೂ ಇದೆ. 2024ರ ಡಿಸೆಂಬರಿನಲ್ಲಿ ಕದ್ದಾಲಿಕೆಯ ಹೊಸ ನಿಯಮಗಳೂ ಹೊರಬಿದ್ದವು.

ಅಧಿಕಾರವೆಂದ ಮೇಲೆ ಅಂಕೆಯೂ ಇರಬೇಕಲ್ಲವೆ? ಅಂಕೆ ಏನೆಂಬುದನ್ನು ನೋಡಿರಿ. 1996ರ ಡಿಸೆಂಬರಿನಲ್ಲಿ ಪಿ.ಯು.ಸಿ.ಎಲ್. ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಟೆಲಿಫೋನ್ ಕದ್ದಾಲಿಕೆಗೆ ಕೆಲವು ಕಟ್ಟುಗಳನ್ನು ಹಾಕಿತು. ಗೃಹ ಕಾರ್ಯದರ್ಶಿಯ ಲಿಖಿತ ಆಜ್ಞೆ ಬೇಕು, ಕಾರಣ ಬರೆಯಬೇಕು, ಪರಿಶೀಲನಾ ಸಮಿತಿಯೊಂದು ಅದನ್ನು ನೋಡಬೇಕು. ಇಂದಿನ ನಿಯಮಗಳಲ್ಲಿ ಆಜ್ಞೆಗೆ 60 ದಿನದ ಆಯುಸ್ಸು. ಹಿಗ್ಗಿಸಿದರೆ ಒಟ್ಟು 180 ದಿನ. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ಆಜ್ಞೆ ಕೊಡುವವರು ಸರಕಾರದ ಕಾರ್ಯದರ್ಶಿ. ಅದನ್ನು ಪರಿಶೀಲಿಸುವವರು ಸರಕಾರದ ಇನ್ನು ಮೂವರು ಕಾರ್ಯದರ್ಶಿಗಳು. ನ್ಯಾಯಾಧೀಶರು ಎಲ್ಲಿಯೂ ಇಲ್ಲ. ಗಿರಣಿಯಲ್ಲಿ ದಂಡ ಹಾಕಿದ ಮುಕಾದಮನ ಅಣ್ಣತಮ್ಮಂದಿರೇ ಅಪೀಲನ್ನೂ ಕೇಳುವುದಾಗಿದ್ದರೆ ನಮ್ಮ ಹಿರಿಯರು ಏನೆನ್ನುತ್ತಿದ್ದರು?

ಆ ಪರಿಶೀಲನೆ ಎಂಥದೆಂಬುದಕ್ಕೆ ಸರಕಾರವೇ ಕೊಟ್ಟ ಲೆಕ್ಕವಿದೆ. 2013ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೇಂದ್ರ ಗೃಹ ಮಂತ್ರಾಲಯ ಕೊಟ್ಟ ಉತ್ತರದ ಪ್ರಕಾರ, ಸರಾಸರಿ ತಿಂಗಳೊಂದಕ್ಕೆ 7,500ರಿಂದ 9,000 ಟೆಲಿಫೋನ್ ಆಜ್ಞೆಗಳೂ 300ರಿಂದ 500 ಇ-ಮೇಲ್ ಆಜ್ಞೆಗಳೂ ಹೊರಡುತ್ತಿದ್ದವು. ಇದು ಕೇಂದ್ರದ ಲೆಕ್ಕ ಮಾತ್ರ, ರಾಜ್ಯಗಳದು ಬೇರೆ. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಹಿಂದೆ ಮುಂಬಯಿ ಹೈಕೋರ್ಟಿನಲ್ಲಿದ್ದು ನಮ್ಮವರಿಗೆಲ್ಲ ಪರಿಚಿತರಾದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣರ ಸಮಿತಿ 2018ರ ತನ್ನ ವರದಿಯಲ್ಲಿ ಈ ಲೆಕ್ಕವನ್ನೇ ಎತ್ತಿ, ಒಂದು ಕೂಟದಲ್ಲಿ 15,000ದಿಂದ 18,000 ಆಜ್ಞೆಗಳನ್ನು ಪರಿಶೀಲಿಸುವುದು ಆಗದ ಮಾತೆಂದು ತೋರಿಸಿತು. ಮೂವರು ಕಾರ್ಯದರ್ಶಿಗಳು ಬೆಳಗಿನಿಂದ ಸಂಜೆಯವರೆಗೆ, ಊಟಕ್ಕೂ ಏಳದೆ ಕುಳಿತರೂ ಒಂದೊಂದು ಆಜ್ಞೆಗೆ ಎರಡು ಸೆಕೆಂಡು ಕೂಡ ಸರಿಯಾಗಿ ಸಿಕ್ಕದು. ಹೋಟೆಲಿನ ಗಲ್ಲೆಯಲ್ಲಿ ಬಿಲ್ಲು ನೋಡುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಸರಕಾರದ ಪಕ್ಷದ ಮಾತನ್ನೂ ಕೇಳಬೇಕು. ಕೇಳದೆ ಬರೆದರೆ ಅದು ನ್ಯಾಯವಾಗದು. ವಿಶಾಖಪಟ್ಟಣ ಸಾಮಾನ್ಯ ಊರಲ್ಲ, ಪೂರ್ವ ನೌಕಾಪಡೆಯ ಕೇಂದ್ರ. 2019ರ ಡಿಸೆಂಬರಿನಲ್ಲಿ ನೌಕಾಪಡೆಯ ಏಳು ಮಂದಿ ಸಿಬ್ಬಂದಿಯನ್ನು ಆಂಧ್ರ ಪೊಲೀಸರು ಬಂಧಿಸಿದರು. ಫೇಸ್‌ಬುಕ್ಕಿನಲ್ಲಿ ಹೆಣ್ಣಿನ ಸೋಗು ಹಾಕಿದವರ ಬಲೆಗೆ ಬಿದ್ದು ಹಡಗುಗಳ ಸಮಾಚಾರವನ್ನು ಪಾಕಿಸ್ತಾನಕ್ಕೆ ಕೊಟ್ಟರೆಂಬುದು ಅವರ ಮೇಲಿನ ಆರೋಪ. ಆ ಕಾರ್ಯಾಚರಣೆಗೆ ವಿಶಾಖಪಟ್ಟಣದ ಸಮುದ್ರದಂಚಿನ ಗುಡ್ಡದ ಹೆಸರನ್ನೇ ಇಟ್ಟಿದ್ದರು — ಡಾಲ್ಫಿನ್ಸ್ ನೋಸ್. ಇಂಥದನ್ನು ಹಿಡಿಯಲು ಸಂದೇಶಗಳ ಜಾಡು ಹಿಡಿಯದೆ ದಾರಿಯಿಲ್ಲ. ಇನ್ನೂ ಹತ್ತಿರದ ಮಾತು: ಊರಿಗೆ ಕಳುಹಿಸಲು ಕೂಡಿಟ್ಟ ಹಣವನ್ನು ಒಂದು ಸುಳ್ಳು ಫೋನಿಗೆ ಕಳೆದುಕೊಂಡವರು ನಮ್ಮ ಸಂಘದಲ್ಲಿಯೇ ಇದ್ದಾರೆ. ಅವರು ಪೊಲೀಸರಿಗೆ ದೂರು ಕೊಟ್ಟಾಗ ಕಳ್ಳನನ್ನು ಹುಡುಕುವುದು ಇದೇ ರಿಜಿಸ್ಟರಿನಿಂದ. ಆದುದರಿಂದ ದಾಖಲೆಯೇ ಬೇಡ, ಪೊಲೀಸರಿಗೆ ಏನೂ ತಿಳಿಯಲೇಕೂಡದು ಎಂದು ನಾವು ವಾದಿಸುವುದಿಲ್ಲ. ಹಾಗೆ ವಾದಿಸುವವರು ಹಣ ಕಳೆದುಕೊಂಡವರ ಮುಖ ನೋಡಿದವರಲ್ಲ.

ಆದರೆ ಕೀಲಿಕೈ ಯಾರ ಕಿಸೆಯಲ್ಲಿರಬೇಕು ಎಂಬುದು ಪ್ರಶ್ನೆ. ಇದಕ್ಕೆ ತೆಲುಗು ನಾಡಿನ ಕಳೆದ ಹತ್ತು ವರ್ಷಗಳ ಇತಿಹಾಸಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಕ್ಕಲಾರದು.

2015ರ ಮೇ 31ರಂದು ಹೈದರಾಬಾದಿನಲ್ಲಿ ತೆಲುಗು ದೇಶಂ ಶಾಸಕ ರೇವಂತ ರೆಡ್ಡಿಯವರನ್ನು ತೆಲಂಗಾಣದ ಭ್ರಷ್ಟಾಚಾರ ನಿಗ್ರಹ ದಳ ಬಂಧಿಸಿತು. ಕೆಲವೇ ದಿನಗಳಲ್ಲಿ, ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರದೆಂದು ಹೇಳಲಾದ ಟೆಲಿಫೋನ್ ಸಂಭಾಷಣೆಯೊಂದು ಟಿವಿಯಲ್ಲಿ ಪ್ರಸಾರವಾಯಿತು. ನಮ್ಮವರ ಟೆಲಿಫೋನುಗಳನ್ನು ನೆರೆಯ ಸರಕಾರ ಕದ್ದು ಕೇಳುತ್ತಿದೆಯೆಂದು ಆಂಧ್ರ ಸರಕಾರ ಆರೋಪ ಹೊರಿಸಿತು. ತೆಲಂಗಾಣ ಸರಕಾರ ನಿರಾಕರಿಸಿತು. ವಿಶಾಖಪಟ್ಟಣದ ಪೊಲೀಸರು ಹೈದರಾಬಾದಿಗೆ ಹೋಗಿ ಟಿವಿ ವಾಹಿನಿಗೆ ನೋಟೀಸು ಕೊಟ್ಟುಬಂದರು. ವಿಜಯವಾಡದ ನ್ಯಾಯಾಲಯವು ಟೆಲಿಫೋನ್ ಕಂಪನಿಗಳಿಂದ ದಾಖಲೆ ಕೇಳಿತು. ಒಂದು ಸರಕಾರ ಕೊಡು ಎನ್ನುತ್ತದೆ, ಇನ್ನೊಂದು ಕೊಡಬೇಡ ಎನ್ನುತ್ತದೆ! ನಡುವೆ ಸಿಕ್ಕಿಬಿದ್ದ ಕಂಪನಿಗಳ ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಅಲ್ಲಿಂದ ಮುಂದೆ ಗಾಡಿಯ ಚಕ್ರ ತಿರುಗಿದಂತೆ ತಿರುಗಿದೆ. ಆಂಧ್ರದಲ್ಲಿ ಸರಕಾರ ಬದಲಾದ ಮೇಲೆ, 2022ರ ಮಾರ್ಚಿಯಲ್ಲಿ, ಹಿಂದಿನ ನಾಯ್ಡು ಸರಕಾರ ಇಸ್ರೇಲಿನ ಪೆಗಾಸಸ್ ಎಂಬ ಗೂಢಚರ್ಯೆಯ ಸಾಧನವನ್ನು ಕೊಂಡಿತ್ತೆ ಎಂದು ವಿಚಾರಿಸಲು ವಿಧಾನಸಭೆ ಸದನ ಸಮಿತಿಯನ್ನು ನೇಮಿಸಿತು. ತೆಲುಗು ದೇಶಂ ಪಕ್ಷ ಈ ಆರೋಪವನ್ನು ಒಪ್ಪಲಿಲ್ಲ. ತೆಲಂಗಾಣದಲ್ಲಿ 2023ರ ಡಿಸೆಂಬರಿನಲ್ಲಿ ಸರಕಾರ ಬದಲಾಗಿ, ಹಿಂದೆ ಬಂಧನಕ್ಕೊಳಗಾಗಿದ್ದ ಅದೇ ರೇವಂತ ರೆಡ್ಡಿಯವರು ಮುಖ್ಯಮಂತ್ರಿಯಾದರು. 2024ರ ಮಾರ್ಚಿಯಲ್ಲಿ ಗುಪ್ತಚರ ವಿಭಾಗದ ಅಧಿಕಾರಿಗಳ ಬಂಧನ ಆರಂಭವಾಯಿತು. ವಿರೋಧ ಪಕ್ಷದವರ ಟೆಲಿಫೋನುಗಳನ್ನು ಕದ್ದು ಕೇಳಿದ್ದು ಮಾತ್ರವಲ್ಲ, ಸರಕಾರ ಬಿದ್ದ ರಾತ್ರಿಯ ಆಸುಪಾಸಿನಲ್ಲಿ ದಾಖಲೆಗಳಿದ್ದ ಹಾರ್ಡ್ ಡಿಸ್ಕುಗಳನ್ನು ನಾಶಪಡಿಸಿದರೆಂಬುದೂ ಅವರ ಮೇಲಿನ ಆರೋಪ. ಯಾವುದು ನಿಜ, ಯಾವುದು ಸುಳ್ಳೆಂಬುದನ್ನು ನ್ಯಾಯಾಲಯಗಳು ಹೇಳಲಿ. ಯಾವ ಪಕ್ಷದ ಪರವಾಗಿಯೂ ನಾವು ಇದನ್ನು ಬರೆಯುತ್ತಿಲ್ಲ. ಆದರೆ ಒಂದನ್ನಂತೂ ಎಲ್ಲ ಪಕ್ಷಗಳೂ ಒಟ್ಟಾಗಿ ಹೇಳುತ್ತಿವೆ: ಕೀಲಿಕೈ ಇನ್ನೊಬ್ಬನ ಕಿಸೆಯಲ್ಲಿದ್ದಾಗ ನಂಬಬೇಡಿ. ಅವರವರ ಅಧಿಕಾರದ ದಿನಗಳಲ್ಲಿ ಮಾತ್ರ ಈ ಮಾತು ಮರೆತುಹೋಗುತ್ತದೆ.

ನಮ್ಮ ಕರ್ನಾಟಕವೇನೂ ಹಿಂದೆ ಬಿದ್ದಿಲ್ಲ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟಿದ್ದು ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿಯೇ. 2019ರ ಆಗಸ್ಟಿನಲ್ಲಿ ಯಡಿಯೂರಪ್ಪನವರ ಸರಕಾರ ಹಿಂದಿನ ಸರಕಾರದ ಕಾಲದ ಕದ್ದಾಲಿಕೆಯ ಆರೋಪಗಳನ್ನು ಸಿ.ಬಿ.ಐ.ಗೆ ಒಪ್ಪಿಸಿತು.

ಮುಖ್ಯಮಂತ್ರಿಗಳಿಗೆ ವಕೀಲರಿದ್ದಾರೆ, ಪತ್ರಿಕೆಗಳಿವೆ, ಶಾಸನಸಭೆಯಿದೆ. ಅವರ ಮಾತನ್ನು ಯಾರೋ ಕೇಳಿದರೆಂಬ ಅನುಮಾನ ಬಂದರೆ ಮರುದಿನ ದೇಶವೆಲ್ಲ ಅದೇ ಮಾತು. ವಿಜಯವಾಡದ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನ ಓಲೆಯನ್ನು ಯಾರಾದರೂ ಓದಿದರೆ? ಅವನಿಗೆ ಅದು ತಿಳಿಯುವುದೇ ಇಲ್ಲ. ಆಜ್ಞೆಯ ಅವಧಿ ಮುಗಿದು ಎಷ್ಟು ವರ್ಷವಾದರೂ “ನಿನ್ನ ಓಲೆಯನ್ನು ಓದಿದ್ದೆವು, ಏನೂ ಸಿಕ್ಕಲಿಲ್ಲ” ಎಂದು ಹೇಳಬೇಕೆಂಬ ಕಟ್ಟಳೆ ನಮ್ಮ ನಿಯಮಗಳಲ್ಲಿ ಇಲ್ಲ. ತಿಳಿಯದ ಅನ್ಯಾಯಕ್ಕೆ ದೂರು ಕೊಡುವುದು ಹೇಗೆ?

ಆಂಧ್ರದಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಸರಕಾರವೇ ಇಂಟರ್ನೆಟ್ ವ್ಯಾಪಾರಕ್ಕೂ ಇಳಿದಿದೆ. ಎ.ಪಿ. ಫೈಬರ್‌ನೆಟ್ ಎಂಬ ರಾಜ್ಯ ಸರಕಾರದ ಕಂಪನಿಯನ್ನು 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಕಚೇರಿ ವಿಜಯವಾಡದಲ್ಲಿ, ಜಾಲವನ್ನು ನಡೆಸುವ ಕೇಂದ್ರ ವಿಶಾಖಪಟ್ಟಣದಲ್ಲಿ. ವಿದ್ಯುತ್ ಕಂಬಗಳ ಮೇಲೆಯೇ ತಂತಿ ಎಳೆದು, ತಿಂಗಳಿಗೆ 149 ರೂಪಾಯಿಗೆ ಟಿವಿ, ಇಂಟರ್ನೆಟ್, ಟೆಲಿಫೋನ್ ಮೂರನ್ನೂ ಕೊಡುವುದಾಗಿ 2017ರಲ್ಲಿ ಆರಂಭಿಸಿದ ಯೋಜನೆ ಅದು. ಬಡವರ ಮನೆಗೆ ಅಗ್ಗದಲ್ಲಿ ಇಂಟರ್ನೆಟ್ ತಲುಪಿಸುವ ಈ ಕೆಲಸವನ್ನು ನಾವು ಮೆಚ್ಚುತ್ತೇವೆ. ಖಾಸಗಿ ಕಂಪನಿಗಳು ಹಳ್ಳಿಗಳ ಕಡೆ ತಲೆ ಹಾಕದಿದ್ದಾಗ ಹೊಳೆದ ಒಳ್ಳೆಯ ಯೋಚನೆ. ಆದರೆ ತಂತಿಯ ಒಡೆಯ, ರಿಜಿಸ್ಟರು ಬರೆಯುವವ, ರಿಜಿಸ್ಟರು ನೋಡಲು ಆಜ್ಞೆ ಕೊಡುವವ, ಆಜ್ಞೆ ಸರಿಯೇ ಎಂದು ಪರಿಶೀಲಿಸುವವ ಎಲ್ಲವೂ ಒಂದೇ ರಾಜ್ಯ ಸರಕಾರವಾಗಲು ಸಾಧ್ಯವಿರುವಾಗ, ನಡುವೆ ನಿಂತು “ಈ ಆಜ್ಞೆ ಸರಿಯಿಲ್ಲ” ಎನ್ನಬಲ್ಲ ಹೊರಗಿನವನೊಬ್ಬ ಬೇಡವೆ? ಖಾಸಗಿ ಕಂಪನಿಗಾದರೂ ಗಿರಾಕಿ ಹೋದಾನೆಂಬ ಅಂಜಿಕೆ ಇರುತ್ತದೆ.

ಸರಕಾರದ ಮನೆಯಲ್ಲಿಟ್ಟ ಮಾಹಿತಿ ಭದ್ರವಾಗಿರುತ್ತದೆಯೆಂಬ ಭರವಸೆಗೂ ಆಧಾರ ಕಡಿಮೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆ 2017ರ ಮೇ ತಿಂಗಳಲ್ಲಿ ಒಂದು ವರದಿ ಪ್ರಕಟಿಸಿತು. ಸರಕಾರದ ನಾಲ್ಕು ಯೋಜನೆಗಳ ಜಾಲತಾಣಗಳಲ್ಲಿ ಸುಮಾರು 13 ಕೋಟಿ ಜನರ ಆಧಾರ್ ನಂಬರುಗಳು ಯಾರು ಬೇಕಾದರೂ ನೋಡುವಂತೆ ಬಿದ್ದಿದ್ದವೆಂದು ಅದು ಅಂದಾಜು ಮಾಡಿತು. ಆ ನಾಲ್ಕರಲ್ಲಿ ಎರಡು ಆಂಧ್ರದವು. ಒಂದು ಉದ್ಯೋಗ ಖಾತ್ರಿಯ ಕೂಲಿಕಾರರದು. ಇನ್ನೊಂದು ಅಸಂಘಟಿತ ಕಾರ್ಮಿಕರ ವಿಮೆಗಾಗಿ ಮಾಡಿದ ಚಂದ್ರನ್ನ ಬೀಮಾ ಯೋಜನೆಯದು. ಮರುವರ್ಷ, 2018ರ ಏಪ್ರಿಲಿನಲ್ಲಿ, ಆಂಧ್ರದ ವಸತಿ ನಿಗಮದ ತಾಣದಲ್ಲಿ 1.34 ಲಕ್ಷ ಜನರ ಆಧಾರ್ ನಂಬರು, ಬ್ಯಾಂಕು ಖಾತೆ, ಜಾತಿ, ಧರ್ಮ ಎಲ್ಲವೂ ಬಯಲಿಗೆ ಬಿದ್ದಿದ್ದುದು ಕಂಡುಬಂತು. ಗಮನಿಸಿರಿ: ಬಯಲಾದದ್ದು ದೊಡ್ಡವರ ಗುಟ್ಟಲ್ಲ. ಕೂಲಿಕಾರರದು, ಮನೆಯಿಲ್ಲದವರದು. ಯಾರೂ ಕದಿಯಬೇಕಾಗಿಯೂ ಇರಲಿಲ್ಲ, ಬಾಗಿಲು ಹಾಕಲು ಮರೆತಿದ್ದರು ಅಷ್ಟೆ. ಹೆಚ್ಚು ಕಾಲ ಹೆಚ್ಚು ಜನರ ದಾಖಲೆ ಇಟ್ಟುಕೊಂಡಷ್ಟೂ ಇಂಥ ಮರೆವಿಗೆ ಹೆಚ್ಚು ಬೆಲೆ ತೆರಬೇಕಾಗುತ್ತದೆ. ವಿಶಾಖಪಟ್ಟಣದಲ್ಲಿ ಗೂಗಲ್ ಕಂಪನಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಸುರಿದು ದತ್ತಾಂಶ ಕೇಂದ್ರ ಕಟ್ಟುವುದಾಗಿ 2025ರ ಅಕ್ಟೋಬರಿನಲ್ಲಿ ಸಾರಿದೆ. ಸಮುದ್ರದಡಿಯ ತಂತಿಗಳೂ ಅಲ್ಲಿಗೇ ಬರುವುವಂತೆ. ಕೆಲಸ ಸಿಗಲಿ, ಸಂತೋಷ. ಆದರೆ ದಾಖಲೆಗಳ ಉಗ್ರಾಣ ದೊಡ್ಡದಾಗುತ್ತಿರುವಾಗ ಉಗ್ರಾಣದ ಬೀಗದ ಮಾತನ್ನು ಯಾರೂ ಆಡುತ್ತಿಲ್ಲ.

2023ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ನಮ್ಮನ್ನು ಕಾಯುತ್ತದೆಯೆಂದು ಕೆಲವರು ಹೇಳಿಯಾರು. ದೇಶದ ಭದ್ರತೆ, ಶಾಂತಿ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ತನಗೆ ಬೇಕಾದ ಸರಕಾರೀ ಸಂಸ್ಥೆಗಳನ್ನು ಆ ಕಾಯಿದೆಯಿಂದಲೇ ಹೊರಗಿಡುವ ಅಧಿಕಾರವನ್ನು ಅದರ 17ನೆಯ ಕಲಮಿನಲ್ಲಿ ಕೇಂದ್ರ ಸರಕಾರ ಇಟ್ಟುಕೊಂಡಿದೆ.

ಈಗ ಪತ್ರದ ಮೂರನೆಯ ಮಾತಿಗೆ ಬರೋಣ: ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವನನ್ನೇ ಹಿಡಿಯುತ್ತಾರೆ ಎಂಬುದು. ಇದು ಬಡವರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ವಿಷಯವೆಂದು ನಮಗೆ ತೋರುತ್ತದೆ. ಬಂಗಲೆಯಲ್ಲಿರುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಸಂಪರ್ಕ. ನಮ್ಮಲ್ಲಿ ಖೋಲಿಗೊಂದು. ಎಂಟು ಮಂದಿ ಬಳಸಿದರೂ ರಿಜಿಸ್ಟರಿನಲ್ಲಿ ಬರುವುದು ಒಬ್ಬನ ಹೆಸರು. ಮಾಲಕರು ಕೊಡಿಸಿದ ಸಿಮ್ ಕಾರ್ಡಿನ ಕಥೆಯೂ ಅಷ್ಟೆ. 2008ರ ಜುಲೈಯಲ್ಲಿ ಅಹಮದಾಬಾದಿನ ಬಾಂಬು ಸ್ಫೋಟಗಳ ಮುನ್ನ ಕಳುಹಿಸಿದ ಬೆದರಿಕೆಯ ಇ-ಮೇಲು ನವಿಮುಂಬಯಿಯ ಒಂದು ಮನೆಯ ವೈ-ಫೈಯಿಂದ ಹೋಗಿತ್ತು. ಆ ಮನೆಯಲ್ಲಿದ್ದ ವಿದೇಶೀಯನಿಗೆ ಅದರ ಗಂಧವೂ ಇರಲಿಲ್ಲ. ವೈ-ಫೈಗೆ ಬೀಗವಿರಲಿಲ್ಲ, ಯಾರೋ ಹೊರಗಿನಿಂದ ಬಳಸಿಕೊಂಡಿದ್ದರು. ವಿಚಾರಣೆ ಮಾತ್ರ ಅವನ ಮನೆಬಾಗಿಲಿಗೇ ಬಂತು. ರಿಜಿಸ್ಟರು ಸಂಪರ್ಕವನ್ನು ತೋರಿಸುತ್ತದೆ, ಮನುಷ್ಯನನ್ನು ತೋರಿಸುವುದಿಲ್ಲ. ಅವನಾದರೋ ದೊಡ್ಡ ಕೆಲಸದಲ್ಲಿದ್ದವನು, ಅವನ ಮಾತನ್ನು ಕೇಳುವವರಿದ್ದರು. ಭಾಷೆ ಬಾರದ ಊರಿನಲ್ಲಿ, ಇಬ್ಬರು ಪೊಲೀಸರು ಹೋಟೆಲಿಗೆ ಬಂದು ಅಡುಗೆಯವನನ್ನು ಕರೆದರೆಂದರೆ ಮರುದಿನ ಅವನಿಗೆ ಕೆಲಸ ಉಳಿದೀತೆ? ಮೊಕದ್ದಮೆಯೇ ಬೇಕಾಗಿಲ್ಲ, ಕರೆದದ್ದೇ ಸಾಕು.

ಅಂಜಿಕೆಯೇ ಮಾಡಬೇಕಾದ ಕೆಲಸವನ್ನು ಮಾಡಿಬಿಡುತ್ತದೆ. 2020ರ ಮೇ 7ರಂದು ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್ ಕಾರಖಾನೆಯಿಂದ ವಿಷಾನಿಲ ಸೋರಿ ಹನ್ನೆರಡು ಮಂದಿ ಪ್ರಾಣ ಬಿಟ್ಟರು. ಆ ದುರಂತದ ಬಗ್ಗೆ ಸರಕಾರವನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ವೃದ್ಧೆಯೊಬ್ಬರ ಮೇಲೆ ರಾಜ್ಯದ ಸಿ.ಐ.ಡಿ. ಮೊಕದ್ದಮೆ ಹೂಡಿತು. ಇದರಲ್ಲಿ ಗುಟ್ಟಾಗಿ ಓದುವುದೇನೂ ಇರಲಿಲ್ಲ, ಅವರು ಬಹಿರಂಗವಾಗಿಯೇ ಬರೆದಿದ್ದರು. ಆದರೆ ಅದನ್ನು ಕೇಳಿದ ಎಷ್ಟು ಮಂದಿ ತಮ್ಮ ಕಾರಖಾನೆಯ ವಿಷಯ ಬರೆಯುವುದನ್ನು ನಿಲ್ಲಿಸಿರಬೇಡ! 2021ರಿಂದ ವಿಶಾಖಪಟ್ಟಣದ ಉಕ್ಕಿನ ಕಾರಖಾನೆಯ ಕಾರ್ಮಿಕರು ಅದನ್ನು ಖಾಸಗಿಯವರಿಗೆ ಮಾರಕೂಡದೆಂದು ಹೋರಾಡಿದ್ದಾರೆ. ಇಂದಿನ ಕಾಲದಲ್ಲಿ ಅಂಥ ಹೋರಾಟ ಮೊಬೈಲಿನಲ್ಲಿ ಸುದ್ದಿ ಹಂಚದೆ ನಡೆಯಲಾರದು. ಹಿಂದೆ ಗಿರಣಿಗಳ ಬಾಗಿಲಲ್ಲಿ ಕರಪತ್ರ ಹಂಚುವಾಗ ಮಾಲಕರ ಕಡೆಯವನೊಬ್ಬ ನಿಂತು ಯಾರು ಯಾರು ಕೈಚಾಚಿದರೆಂದು ನೋಡುತ್ತಿದ್ದ. ಅವನಿಗೆ ಎರಡು ಕಣ್ಣು ಮಾತ್ರ ಇದ್ದವು, ಸಂಜೆಯ ಹೊತ್ತಿಗೆ ಅರ್ಧ ಮರೆತೂ ಹೋಗುತ್ತಿತ್ತು.

ಬೇರೆ ದೇಶಗಳವರು ಏನು ಮಾಡಿದ್ದಾರೆ? ಯೂರೋಪಿನಲ್ಲಿ 2006ರಲ್ಲಿ ನಮ್ಮಂಥದೇ ನಿಯಮ ಬಂದಿತ್ತು. ಎಲ್ಲರ ದಾಖಲೆಯನ್ನೂ ಆರು ತಿಂಗಳಿಂದ ಎರಡು ವರ್ಷದವರೆಗೆ ಇಡಬೇಕೆಂದು. 2014ರ ಏಪ್ರಿಲ್ 8ರಂದು ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ತಪ್ಪು ಮಾಡಿದ ಸಂಶಯವೇ ಇಲ್ಲದ ಜನರೆಲ್ಲರ ದಾಖಲೆಯನ್ನು ಹೀಗೆ ಸಾರಾಸಗಟಾಗಿ ಇಡುವುದು ಅತಿಯಾಯಿತೆಂದು ಅದು ಹೇಳಿತು. ನಮಗೆ ಈ ಕಾಯಿದೆಗಳನ್ನು ಕಲಿಸಿಹೋದ ಬ್ರಿಟನ್ನಿನಲ್ಲಿಯೂ 2016ರ ಕಾಯಿದೆಯಂತೆ, ಓಲೆ ತೆರೆಯಲು ಮಂತ್ರಿ ಸಹಿ ಹಾಕಿದರೆ ಸಾಲದು, ನ್ಯಾಯಾಧೀಶರ ದರ್ಜೆಯವರೊಬ್ಬರು ಒಪ್ಪಬೇಕು. ಗುರು ಪಾಠ ಬದಲಾಯಿಸಿದ್ದಾನೆ, ಶಿಷ್ಯ ಹಳೆಯ ಪುಸ್ತಕವನ್ನೇ ಹೊಸ ರಟ್ಟು ಹಾಕಿ ಓದುತ್ತಿದ್ದಾನೆ.

ನಮ್ಮ ದೇಶದಲ್ಲಿಯೂ ಆಧಾರವಿಲ್ಲದೆ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ 2012ರಲ್ಲಿ ಹೂಡಿದ ಮೊಕದ್ದಮೆಯಿಂದ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ಧ್ವನಿಯಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. 2024ರಲ್ಲಿ ತೀರಿಕೊಂಡ ಆ ಕನ್ನಡಿಗ ಹಿರಿಯರ ಹೆಸರು ಈಗ ದೇಶದ ಎಲ್ಲ ಕೋರ್ಟುಗಳಲ್ಲಿಯೂ ಕೇಳಿಬರುತ್ತದೆ. ಅದೇ ತೀರ್ಪನ್ನು ಆಧರಿಸಿ 2019ರ ಅಕ್ಟೋಬರಿನಲ್ಲಿ ಮುಂಬಯಿ ಹೈಕೋರ್ಟು, ವ್ಯಾಪಾರಿಯೊಬ್ಬರ ಟೆಲಿಫೋನನ್ನು ಕದ್ದು ಕೇಳಲು ಕೊಟ್ಟಿದ್ದ ಮೂರು ಆಜ್ಞೆಗಳನ್ನು ರದ್ದುಮಾಡಿ, ಸಂಗ್ರಹಿಸಿದ್ದನ್ನು ನಾಶಪಡಿಸಬೇಕೆಂದಿತು. ವ್ಯಾಪಾರಿಗೆ ದೊರೆತದ್ದು ಕಾರ್ಮಿಕನಿಗೂ ದೊರೆಯಬೇಕಾದರೆ ಅವನು ಹೈಕೋರ್ಟಿನವರೆಗೆ ಹೋಗುವ ಮೊದಲೇ ಕಾಯಿದೆಯಲ್ಲಿ ಅದು ಇರಬೇಕು.

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ನಾವು ಈ ವಿಷಯ ಎತ್ತಲಿದ್ದೇವೆ. ಓಲೆ ತೆರೆಯುವ ಆಜ್ಞೆಯನ್ನು ನ್ಯಾಯಾಧೀಶರೇ ಕೊಡಬೇಕು. ತುರ್ತಿದ್ದರೆ ಅಧಿಕಾರಿ ಕೊಡಲಿ, ಮೂರು ದಿನದೊಳಗೆ ನ್ಯಾಯಾಧೀಶರ ಮುಂದೆ ಇಡಲಿ. ಸಂಶಯವಿಲ್ಲದವರ ರಿಜಿಸ್ಟರನ್ನು ಎರಡು ವರ್ಷ ಇಡುವುದು ನಿಲ್ಲಲಿ. ಹಣದ ಮೋಸದಂಥ ಅಪರಾಧಗಳ ತನಿಖೆಗೆ ಆರು ತಿಂಗಳು ಸಾಕೆಂಬುದು ನಮ್ಮ ಅಭಿಪ್ರಾಯ, ತಿಳಿದವರು ಬೇರೆ ಹೇಳಿದರೆ ಕೇಳಲು ಸಿದ್ಧರಿದ್ದೇವೆ. ತನಿಖೆ ಮುಗಿದ ಮೇಲೆ, ಏನೂ ಸಿಕ್ಕದಿದ್ದರೆ, ಓದಲ್ಪಟ್ಟವನಿಗೆ ತಿಳಿಸಬೇಕು. ವರ್ಷಕ್ಕೆ ಎಷ್ಟು ಆಜ್ಞೆ ಕೊಟ್ಟೆವೆಂಬ ಲೆಕ್ಕವನ್ನು ಕೇಂದ್ರವೂ ಪ್ರತಿಯೊಂದು ರಾಜ್ಯವೂ ಶಾಸನಸಭೆಯಲ್ಲಿ ಇಡಬೇಕು. 2013ರಲ್ಲಿ ಕೊಡಬಹುದಾಗಿದ್ದ ಲೆಕ್ಕ ಇಂದೇಕೆ ಕೊಡಲಾಗದು? ಸಮಿತಿ ಒಪ್ಪಿದರೆ ಈ ಠರಾವನ್ನು ನಮ್ಮ ಕ್ಷೇತ್ರಗಳ ಲೋಕಸಭಾ ಸದಸ್ಯರಿಗೂ, ಆಂಧ್ರದ ಕಾರ್ಮಿಕ ಸಂಘಗಳಿಗೂ ಕಳುಹಿಸುತ್ತೇವೆ.

ವಿಜಯವಾಡದ ಬಂಧುಗಳಿಗೆ ನಮ್ಮ ಉತ್ತರವಿಷ್ಟು. ಕಾರ್ಮಿಕ ಇಲಾಖೆಗೆ ದೂರು ಬರೆಯುವುದು ಅಪರಾಧವಲ್ಲ, ಅದು ನಿಮ್ಮ ಹಕ್ಕು. ಇ-ಮೇಲನ್ನು ಕಳುಹಿಸಿರಿ. ಒಬ್ಬರ ಹೆಸರಿನಲ್ಲಿ ಬೇಡ, ಎಂಟು ಮಂದಿಯ ಹೆಸರೂ ಇರಲಿ. ವಿಶಾಖಪಟ್ಟಣದವರು ಸೇರುವುದಾದರೆ ಇನ್ನೂ ಒಳ್ಳೆಯದು. ಕಂಡದ್ದನ್ನು ಮಾತ್ರ ಬರೆಯಿರಿ, ದಿನ ಮತ್ತು ಹೊತ್ತು ನಮೂದಿಸಿರಿ, ಬೈಗುಳ ಬೇಡ. ಅದರ ಪ್ರತಿಯೊಂದನ್ನು ಸ್ಪೀಡ್ ಪೋಸ್ಟಿನಲ್ಲಿಯೂ ಹಾಕಿ ರಸೀತಿ ಇಟ್ಟುಕೊಳ್ಳಿರಿ. ಖೋಲಿಯ ವೈ-ಫೈಯ ಗುಪ್ತ ಸಂಖ್ಯೆಯನ್ನು ಈಗಲೇ ಬದಲಾಯಿಸಿ, ಎಂಟು ಮಂದಿಯ ಹೊರತು ಯಾರಿಗೂ ಕೊಡಬೇಡಿರಿ. ಖೋಲಿ ಬಿಟ್ಟುಹೋದವರಿದ್ದರೆ ಮತ್ತೆ ಬದಲಾಯಿಸಿರಿ. ಯಾರು ಯಾವಾಗಿನಿಂದ ಖೋಲಿಯಲ್ಲಿದ್ದಾರೆಂದು ಒಂದು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಡಿರಿ; ನಾಳೆ ಯಾರಾದರೂ ಕೇಳಿದರೆ ಅದು ನಿಮ್ಮ ರಿಜಿಸ್ಟರು. ನಿಮ್ಮ ಹೆಸರಿನ ಸಿಮ್ ಕಾರ್ಡು ಇನ್ನೊಬ್ಬರ ಕೈಯಲ್ಲಿದ್ದರೆ ತಡಮಾಡದೆ ನಿಲ್ಲಿಸಿರಿ. ಪೊಲೀಸರು ಕರೆದರೆ ಹೋಗಿರಿ, ಒಬ್ಬರೇ ಹೋಗಬೇಡಿರಿ, ನೋಟೀಸನ್ನು ಬರಹದಲ್ಲಿ ಕೇಳಿರಿ, ಅರ್ಥವಾಗದ ತೆಲುಗು ಕಾಗದಕ್ಕೆ ಸಹಿ ಹಾಕಬೇಡಿರಿ. ಇಲಾಖೆಯಿಂದ ಉತ್ತರ ಬಂದರೆ ನಮಗೊಂದು ಪ್ರತಿ ಕಳುಹಿಸಿರಿ. ತಿಂಗಳೊಳಗೆ ಬಾರದಿದ್ದರೆ ಹಾಗೆಂದಾದರೂ ಒಂದು ಸಾಲು ಬರೆಯಿರಿ, ಇದೇ ಪುಟದಲ್ಲಿ ಅದನ್ನು ಅಚ್ಚು ಹಾಕುತ್ತೇವೆ.